ಸಾಯಬಹುದಾದ ಒಡನಾಡಿ



ಕಥೆಯನ್ನೇ ಬೆನ್ನೆಲುಬಾಗಿ ಮಾಡಿಕೊಂಡ ರೋಲ್ ಪ್ಲೇಯಿಂಗ್ ಗೇಮ್‌ಗಳು ಹುಟ್ಟಿಕೊಂಡು ನಾಲ್ಕು ದಶಕಗಳಾದವು. ಜಪಾನ್, ಕೆನಡಾ, ಬೆಲ್ಜಿಯಂ, ಫ್ರಾನ್ಸ್‌ಗಳಲ್ಲಿ ತಯಾರಾಗುವ ಈ ಆಟಗಳಲ್ಲಿ ಇವತ್ತು ನಾನು ಹೆಸರಿಸುವ ಯಾವುದೂ ಕನ್ನಡದಲ್ಲಿ ಬಂದಿಲ್ಲ. ಆದರೂ ಅವನ್ನು ಇಂಗ್ಲಿಷಿನಲ್ಲೇ ಆಡಿ, ಅವುಗಳ ಪಾತ್ರಗಳ ಜೊತೆ ವಾರಗಟ್ಟಲೆ ಬದುಕುವ ಕನ್ನಡಿಗರು ಇದ್ದಾರೆ. ಒಂದು ಕಾದಂಬರಿಯ ಪಾತ್ರ ಸತ್ತಾಗ ಆ ಸಾವು ಕಥೆಗೆ ಏನು ಮಾಡಿತು ಎಂದು ಕೇಳುವ ಅಭ್ಯಾಸ ನಮ್ಮ ವಿಮರ್ಶೆಗೆ ಇದೆ. ಗೇಮ್‌ನಲ್ಲಿ ಜೊತೆಗೆ ನಡೆದು ಬಂದವನು ಸತ್ತಾಗ ಅದೇ ಪ್ರಶ್ನೆಯನ್ನು ಕೇಳಬೇಕು ಎಂಬುದು ಈ ಉಪನ್ಯಾಸದ ಮೊದಲ ಒತ್ತಾಯ. ಆದರೆ ಪ್ರಶ್ನೆ ಅದೇ ಆದರೂ ಉತ್ತರ ಬೇರೆ. ಕಾದಂಬರಿಯಲ್ಲಿ ಯಾರು ಸಾಯಬೇಕು ಎಂಬುದು ಪುಸ್ತಕ ನಮ್ಮ ಕೈಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಗೇಮ್‌ನಲ್ಲಿ ಒಬ್ಬ ಒಡನಾಡಿ ಸಾಯಲೂಬಹುದು, ಬದುಕಲೂಬಹುದು, ಎರಡೂ ಬರೆದಿಟ್ಟ ಕಥೆಯೇ ಆಗಿರಬಹುದು. ಈ ಮಾಧ್ಯಮಕ್ಕೆ ಮಾತ್ರ ಸಾಧ್ಯವಿರುವ ಕಲೆ ಇರುವುದು ಆ ಸಾಧ್ಯತೆಯಲ್ಲಿ. ಜೊತೆಗಿದ್ದವರನ್ನು ಆಡುವವರು ಎಷ್ಟು ಬಲ್ಲರು ಎಂಬುದರ ಮೇಲೆ ಅವರ ಸಾವು ಬದುಕು ನಿಂತಾಗ ಆ ಕಲೆ ತನ್ನ ಎತ್ತರ ಮುಟ್ಟುತ್ತದೆ. ಇದನ್ನೇ ನಾನು ಇವತ್ತು ವಾದಿಸಬೇಕೆಂದಿದ್ದೇನೆ.

ಈ ಆಟಗಳ ಪರಿಚಯ ಇಲ್ಲದವರಿಗಾಗಿ ಒಂದೆರಡು ಮಾತು. ಆಡುವವರು ನಾಯಕನನ್ನೋ ನಾಯಕಿಯನ್ನೋ ನಡೆಸುತ್ತಾರೆ. ದಾರಿಯಲ್ಲಿ ಸಿಕ್ಕವರು ಒಬ್ಬೊಬ್ಬರಾಗಿ ತಂಡ ಸೇರುತ್ತಾರೆ. ಅವರಿಗೆ ಯುದ್ಧದಲ್ಲಿ ಒಂದು ಕೆಲಸ ಇರುತ್ತದೆ, ಬಿಡುವಿನಲ್ಲಿ ಹೇಳಿಕೊಳ್ಳಲು ತಮ್ಮದೇ ಕಥೆ ಇರುತ್ತದೆ. ಕಾದಾಟದಲ್ಲಿ ನೆಲಕ್ಕೆ ಬಿದ್ದರೆ ಅದು ಸಾವಲ್ಲ. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರಲ್ಲಿ ತಂದ ಬಾಲ್ಡರ್ಸ್ ಗೇಟ್ 3ರಲ್ಲಿ ಬಿಡಾರದಲ್ಲಿರುವ ವಿದರ್ಸ್ ಎಂಬ ಅಸ್ಥಿಪಂಜರದಂಥ ಮುದುಕನಿಗೆ 200 ಚಿನ್ನದ ನಾಣ್ಯ ಕೊಟ್ಟರೆ ಸತ್ತವರು ಎದ್ದು ಬರುತ್ತಾರೆ. ಫೈನಲ್ ಫ್ಯಾಂಟಸಿ ಸರಣಿಯಲ್ಲಿ ಆ ಕೆಲಸವನ್ನು ಫೀನಿಕ್ಸ್ ಹಕ್ಕಿಯ ಗರಿ ಮಾಡುತ್ತದೆ. ಇಂಥ ಬೀಳುವಿಕೆ ಆಟದ ಲೆಕ್ಕಾಚಾರಕ್ಕೆ ಸೇರಿದ್ದು. ಕಥೆಯೊಳಗೆ ನಡೆಯುವ, ಹಿಂತಿರುಗಿಸಲಾಗದ ಸಾವು ಬೇರೆಯೇ ಆದದ್ದು. ಎರಡೂ ಒಂದೇ ಆಟದಲ್ಲಿ ಅಕ್ಕಪಕ್ಕ ಇರುವುದರಿಂದ ಹುಟ್ಟುವ ಗೊಂದಲ, ಮುಂದೆ ಕಾಣುವಂತೆ, ಬಹಳ ಫಲವತ್ತಾದದ್ದು.

ನನ್ನ ವಾದಕ್ಕೆ ಬರುವ ಒಂದು ದೊಡ್ಡ ಆಕ್ಷೇಪವನ್ನು ಮೊದಲೇ ಎದುರಿಸುತ್ತೇನೆ. ಈ ಪ್ರಕಾರದ ಅತ್ಯಂತ ಪ್ರಸಿದ್ಧ ಸಾವು ತಪ್ಪಿಸಲಾಗದ ಸಾವು. 1997ರ ಜನವರಿ ಕೊನೆಯಲ್ಲಿ ಸ್ಕ್ವೇರ್ ಕಂಪನಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫೈನಲ್ ಫ್ಯಾಂಟಸಿ 7 ಮೂರು ಡಿಸ್ಕ್‌ಗಳಲ್ಲಿ ಬಂತು. ಮೊದಲನೆಯದು ಮುಗಿಯುವ ಹೊತ್ತಿಗೆ, ಹೂ ಮಾರುತ್ತಿದ್ದ ಏರಿತ್ ಪ್ರಾರ್ಥನೆಗೆ ಕುಳಿತಿರುವಾಗ ಖಳನಾಯಕ ಸೆಫಿರಾತ್ ಮೇಲಿನಿಂದ ಇಳಿದು ಬಂದು ಬೆನ್ನಿಗೆ ಕತ್ತಿ ಇರಿಯುತ್ತಾನೆ. ಆಡುವವರು ಏನೇ ಮಾಡಿದರೂ ಅವಳು ಸಾಯುತ್ತಾಳೆ. ಅದಕ್ಕೂ ಮೊದಲು ಸೆಗಾದ ಫ್ಯಾಂಟಸಿ ಸ್ಟಾರ್ 2 (1989) ನೆಯ್ ಎಂಬವಳನ್ನು ಹೀಗೆಯೇ ಕಳೆದುಕೊಂಡಿತ್ತು. ಆದರೆ ಜಗತ್ತಿನ ಎಲ್ಲ ಮೂಲೆಗಳ ಜನ ಒಂದು ಗೇಮ್‌ನ ಪಾತ್ರಕ್ಕಾಗಿ ದುಃಖಿಸಿದ್ದಕ್ಕೆ ಉದಾಹರಣೆ ಕೊಡಬೇಕಾದಾಗ ಎಲ್ಲರೂ ಹೇಳುವುದು ಏರಿತ್‌ಳ ಹೆಸರನ್ನೇ. ಹಾಗಿದ್ದರೆ ತೂಕ ಇರುವುದು ನಿಶ್ಚಿತವಾದ ಸಾವಿಗೇ ಹೊರತು ಸಾಧ್ಯತೆಗಲ್ಲ ಎಂದು ಯಾರಾದರೂ ಹೇಳಬಹುದು.

ಆ ಸಾವು ಹೇಗೆ ಕೆಲಸ ಮಾಡಿತು ಎಂದು ಹತ್ತಿರದಿಂದ ನೋಡಿ. ಏರಿತ್ ತಂಡದಲ್ಲಿ ಗುಣಪಡಿಸುವವಳು. ಆಡಿದವರು ಅವಳಿಗಾಗಿ ಗಂಟೆಗಟ್ಟಲೆ ಕಾದಾಡಿ ಅವಳ ವಿಶೇಷ ಶಕ್ತಿಗಳನ್ನು ಒಂದೊಂದಾಗಿ ಪಳಗಿಸಿರುತ್ತಾರೆ. ಅವಳು ಸಾಯುವುದಕ್ಕೆ ಸ್ವಲ್ಪ ಮುಂಚೆ, ಪ್ರಾಚೀನರ ದೇಗುಲದಲ್ಲಿ, ಅವಳಿಗೆಂದೇ ಮಾಡಿದ ಪ್ರಿನ್ಸೆಸ್ ಗಾರ್ಡ್ ಎಂಬ ದಂಡ ಸಿಗುತ್ತದೆ. ಅದನ್ನು ಬೇರೆ ಯಾರೂ ಹಿಡಿಯುವಂತಿಲ್ಲ. ಅವಳು ಸತ್ತ ಮೇಲೆ ಅವಳಲ್ಲಿದ್ದ ಮಾಂತ್ರಿಕ ಗೋಲಿಗಳು ತಂಡದ ಚೀಲಕ್ಕೆ ವಾಪಸ್ ಬರುತ್ತವೆ, ಪಳಗಿಸಿದ ಶಕ್ತಿ ಮಾತ್ರ ಅವಳೊಂದಿಗೇ ಹೋಗುತ್ತದೆ. ಚೀಲದ ತುಂಬ ಫೀನಿಕ್ಸ್ ಗರಿ ಇದ್ದರೂ ಪ್ರಯೋಜನವಿಲ್ಲ. ಜನ ಇದನ್ನು ಸುಮ್ಮನೆ ಒಪ್ಪಲಿಲ್ಲ. ಅವಳನ್ನು ಬದುಕಿಸುವ ಗುಟ್ಟಿನ ದಾರಿ ಎಲ್ಲೋ ಇದೆ ಎಂಬ ಗಾಳಿಸುದ್ದಿ ವರ್ಷಗಟ್ಟಲೆ ಓಡಾಡಿತು, ಎಷ್ಟೋ ಜನ ಅದನ್ನು ಹುಡುಕುತ್ತ ಆಟವನ್ನು ಮತ್ತೆ ಮತ್ತೆ ಆಡಿದರು. ಒಂದು ಕಾದಂಬರಿಯ ನಾಯಕಿ ಸತ್ತಳೆಂದು ಯಾರೂ ಪುಸ್ತಕದ ಪುಟಗಳ ನಡುವೆ ಬಚ್ಚಿಟ್ಟ ಇನ್ನೊಂದು ಅಧ್ಯಾಯವನ್ನು ಹುಡುಕುವುದಿಲ್ಲ. ಗೇಮ್‌ನಲ್ಲಿ ಹುಡುಕಿದರು. ಏಕೆಂದರೆ ಇಲ್ಲಿ ತಮ್ಮ ಕೈಯಿಂದ ಏನೋ ಆಗುತ್ತಿತ್ತು ಎಂದು ನಂಬುವುದನ್ನು ಅದೇ ಆಟ ಅವರಿಗೆ ಕಲಿಸಿತ್ತು. ಅಂದರೆ ಏರಿತ್‌ಳ ನಿಶ್ಚಿತ ಸಾವು ಕೂಡ ತನ್ನ ನೋವನ್ನು ಸಾಧ್ಯತೆಯಿಂದಲೇ ಸಾಲ ತಂದಿದೆ. 2024ರಲ್ಲಿ ಬಂದ ಫೈನಲ್ ಫ್ಯಾಂಟಸಿ 7 ರೀಬರ್ತ್ ಇದೇ ದೃಶ್ಯವನ್ನು ಮತ್ತೆ ಕಟ್ಟುವಾಗ ಅವಳು ಬದುಕಿದಳೇ ಸತ್ತಳೇ ಎಂಬುದನ್ನೇ ಮಸುಕು ಮಾಡಿ ಆಡಿಸಿತು. 27 ವರ್ಷಗಳ ಆ ಹುಡುಕಾಟವನ್ನು ತಯಾರಕರೂ ಮರೆತಿರಲಿಲ್ಲ.

ಸಾಧ್ಯತೆಯನ್ನೇ ನಿಯಮವಾಗಿ ಇಟ್ಟ ಆಟ ಫೈನಲ್ ಫ್ಯಾಂಟಸಿ 7ಕ್ಕಿಂತ ಹಳೆಯದು. ನಿಂಟೆಂಡೊಗಾಗಿ ಇಂಟೆಲಿಜೆಂಟ್ ಸಿಸ್ಟಮ್ಸ್ 1990ರಲ್ಲಿ ಮಾಡಿದ ಫೈರ್ ಎಂಬ್ಲಮ್‌ನಲ್ಲಿ ರಣರಂಗದಲ್ಲಿ ಬಿದ್ದ ಸೈನಿಕ ಮತ್ತೆ ಸಾಲಿಗೆ ಬರುವುದಿಲ್ಲ. ಸೈನಿಕರಿಗೆ ಹೆಸರಿದೆ, ಮುಖವಿದೆ, ಊರಿದೆ. ಬಿಲ್ಲುಗಾರನನ್ನು ಒಂದು ಚೌಕ ಮುಂದೆ ನಿಲ್ಲಿಸಿದ ತಪ್ಪಿಗೆ ಅವನು ಇಡೀ ಕಥೆಯಿಂದಲೇ ಹೊರಟುಹೋಗುತ್ತಾನೆ. ಇದರಿಂದ ಪ್ರತಿಯೊಂದು ನಡೆಗೂ ಬೆಲೆ ಬಂತು, ನಿಜ. ಆದರೆ ಇಲ್ಲಿ ಸಾವಿಗೆ ಕಾರಣ ಲೆಕ್ಕದ ತಪ್ಪು ಮಾತ್ರ. ಆ ಬಿಲ್ಲುಗಾರ ಯಾರು, ಅವನಿಗೆ ಏನು ಬೇಕಿತ್ತು, ನಾಯಕನಿಗೂ ಅವನಿಗೂ ಏನು ನಡೆದಿತ್ತು ಎಂಬುದಕ್ಕೂ ಅವನ ಸಾವಿಗೂ ಸಂಬಂಧವಿಲ್ಲ. ಕಥೆ ಕೂಡ ಅವನಿಲ್ಲದೆ ಹೆಚ್ಚು ಕಡಿಮೆ ಹಾಗೆಯೇ ಮುಂದುವರಿಯುತ್ತದೆ. ಸಾವಿನ ಸಾಧ್ಯತೆ ಇದ್ದರೆ ಸಾಲದು. ಆ ಸಾಧ್ಯತೆ ಪಾತ್ರದ ಒಳಗಿನಿಂದ ಹುಟ್ಟಬೇಕು.

ಕೆನಡಾದ ಎಡ್ಮಂಟನ್‌ನಲ್ಲಿ 1995ರಲ್ಲಿ ಶುರುವಾದ ಬಯೋವೇರ್ ಸಂಸ್ಥೆ ಈ ದಾರಿಯಲ್ಲಿ ಎಲ್ಲರಿಗಿಂತ ದೂರ ಹೋಯಿತು. ಅದರ ಮಾಸ್ ಎಫೆಕ್ಟ್ (2007) ಆಟದಲ್ಲಿ ವರ್ಮೈರ್ ಎಂಬ ಗ್ರಹದ ಮೇಲೆ, ಕೆಲವೇ ಗಂಟೆಗಳ ಅಂತರದಲ್ಲಿ, ಎರಡು ಸಾವುಗಳು ಎದುರಾಗುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. ಹೆಚ್ಚು ಚರ್ಚೆಯಾದದ್ದು ಆಶ್ಲಿ ಮತ್ತು ಕೈಡನ್ ಎಂಬ ಇಬ್ಬರು ಒಡನಾಡಿಗಳದ್ದು. ಇಬ್ಬರೂ ಬೇರೆ ಬೇರೆ ಕಡೆ ಶತ್ರುಗಳ ನಡುವೆ ಸಿಕ್ಕಿಕೊಂಡಿದ್ದಾರೆ, ಬಾಂಬ್ ಸಿಡಿಯಲಿದೆ, ಒಬ್ಬರನ್ನು ಮಾತ್ರ ಉಳಿಸಬಹುದು. ಕಮಾಂಡರ್ ಶೆಪರ್ಡ್ ಆಗಿ ಆಡುವವರು ಹೆಸರು ಹೇಳಬೇಕು. ಇದನ್ನು ಬಹಳ ಜನ ಮೆಚ್ಚುತ್ತಾರೆ. ನನ್ನ ತೀರ್ಮಾನದಲ್ಲಿ ಇದು ಕಡಿಮೆ ದರ್ಜೆಯ ಪ್ರಸಂಗ. ಅಲ್ಲಿ ಸಾವು ಗ್ಯಾರಂಟಿ, ಹೆಸರು ಮಾತ್ರ ಖಾಲಿ ಬಿಟ್ಟಿದೆ. ಯಾರ ಮೇಲೆ ಹೆಚ್ಚು ಅಕ್ಕರೆಯೋ ಅವರನ್ನು ಉಳಿಸಿಕೊಳ್ಳುವುದು ಬಿಟ್ಟರೆ ಯೋಚಿಸುವುದಕ್ಕೆ ಅಲ್ಲಿ ಹೆಚ್ಚೇನೂ ಇಲ್ಲ. ಅಲ್ಲಿಯವರೆಗೆ ಅವರೊಂದಿಗೆ ಆಡಿದ ಯಾವ ಮಾತೂ ಆ ಸಾವನ್ನು ತಪ್ಪಿಸಲಾರದು.

ಅದೇ ಗ್ರಹದ ಕಡಲತೀರದಲ್ಲಿ ಸ್ವಲ್ಪ ಮೊದಲು ರೆಕ್ಸ್ ಎದುರು ನಿಲ್ಲುತ್ತಾನೆ. ರೆಕ್ಸ್ ಕ್ರೋಗನ್ ಜನಾಂಗದ ಯೋಧ. ಅವನ ಜನರ ಮೇಲೆ ಹಿಂದೆ ಪ್ರಯೋಗಿಸಿದ ಜೀನೋಫೇಜ್ ಎಂಬ ರೋಗದಿಂದ ಅವರಲ್ಲಿ ಹುಟ್ಟುವ ಶಿಶುಗಳಲ್ಲಿ ಬದುಕುವುದೇ ಅಪರೂಪ. ಆ ರೋಗಕ್ಕೆ ಶತ್ರು ಮದ್ದು ಕಂಡುಹಿಡಿದಿದ್ದಾನೆ, ಆ ಮದ್ದಿರುವ ಕಟ್ಟಡವನ್ನೇ ಉರುಳಿಸಲು ಈಗ ತಂಡ ಬಂದಿದೆ. ಅವನು ಬಂದೂಕು ಎತ್ತುವುದು ಪೂರ್ತಿ ನ್ಯಾಯವಾದದ್ದು. ಅವನನ್ನು ಸಮಾಧಾನಪಡಿಸುವ ಮಾತಿನ ಬಲ ಶೆಪರ್ಡ್‌ಗೆ ಇದ್ದರೆ ಅವನು ಬದುಕುತ್ತಾನೆ. ಆ ಬಲ ಇಲ್ಲದಿದ್ದರೂ ಇನ್ನೊಂದು ದಾರಿ ಇದೆ: ಹಿಂದೆ ಯಾವಾಗಲೋ, ಹಡಗಿನಲ್ಲಿ ಬಿಡುವಿನ ಮಾತಿನ ನಡುವೆ ಅವನು ಹೇಳಿದ್ದ ತನ್ನ ಮನೆತನದ ಕವಚವನ್ನು ಹುಡುಕಿ ತಂದು ಕೊಟ್ಟಿದ್ದರೆ, ಆ ನೆನಪು ಈಗ ನೆರವಿಗೆ ಬರುತ್ತದೆ. ಎರಡೂ ಇಲ್ಲದಿದ್ದರೆ ರೆಕ್ಸ್ ಅಲ್ಲೇ ಗುಂಡೇಟಿಗೆ ಸಾಯುತ್ತಾನೆ. ಆ ಕವಚ ಕಥೆಯ ಮುಖ್ಯ ದಾರಿಯಲ್ಲಿ ಇಲ್ಲ. ಅವನ ಮಾತು ಕೇಳಿಸಿಕೊಳ್ಳುವಷ್ಟು ವ್ಯವಧಾನ ಇದ್ದವರಿಗೆ ಮಾತ್ರ ಅದರ ಸುದ್ದಿ ಗೊತ್ತು. ಆಶ್ಲಿ, ಕೈಡನ್ ಪ್ರಸಂಗ ಕೇಳುವುದು ನಿನಗೆ ಯಾರು ಇಷ್ಟ ಎಂದು. ರೆಕ್ಸ್‌ನ ಪ್ರಸಂಗ ಕೇಳುವುದು ನೀನು ಇವನನ್ನು ಎಷ್ಟು ಬಲ್ಲೆ ಎಂದು. ಎರಡನೆಯದು ಬಹಳ ದೊಡ್ಡ ಪ್ರಶ್ನೆ.

ಆ ಎರಡನೆಯ ಪ್ರಶ್ನೆಯ ಮೇಲೆ ಬಯೋವೇರ್ ಮುಂದೆ ಇಡೀ ಆಟವನ್ನೇ ಕಟ್ಟಿತು. 2010ರ ಜನವರಿಯಲ್ಲಿ ಬಂದ ಮಾಸ್ ಎಫೆಕ್ಟ್ 2 ಮೊದಲಲ್ಲೇ ಹೇಳಿಬಿಡುತ್ತದೆ: ಕೊನೆಯ ಕಾರ್ಯಾಚರಣೆಗೆ ಹೋದವರು ತಿರುಗಿ ಬರುವ ನೆಚ್ಚಿಕೆಯಿಲ್ಲ. ಒಮೆಗಾ 4 ಎಂಬ ದ್ವಾರದ ಆಚೆ ಇರುವ ಕಲೆಕ್ಟರ್ ಎಂಬ ಶತ್ರುಗಳ ನೆಲೆಗೆ ನುಗ್ಗಲು ಶೆಪರ್ಡ್ ತಂಡ ಕಟ್ಟಬೇಕು. ಮೂಲ ಆಟದಲ್ಲಿ ಹತ್ತು ಮಂದಿ ಒಡನಾಡಿಗಳು, ಆಮೇಲೆ ಸೇರಿಸಿದ ಭಾಗಗಳಲ್ಲಿ ಇನ್ನಿಬ್ಬರು. ಪ್ರತಿಯೊಬ್ಬರಿಗೂ ಬಗೆಹರಿಯದ ಒಂದು ಮನೆವಾರ್ತೆಯಿದೆ: ಒಬ್ಬನಿಗೆ ತನ್ನ ತಂಡಕ್ಕೆ ಮೋಸ ಮಾಡಿದವನನ್ನು ಹುಡುಕಬೇಕು, ಒಬ್ಬಳಿಗೆ ಬಾಲ್ಯದಲ್ಲಿ ತನ್ನನ್ನು ಹಿಂಸಿಸಿದ ಕಟ್ಟಡವನ್ನು ಸ್ಫೋಟಿಸಬೇಕು, ಒಬ್ಬನಿಗೆ ದಾರಿ ತಪ್ಪುತ್ತಿರುವ ಮಗನನ್ನು ತಡೆಯಬೇಕು. ಅವರ ಜೊತೆ ಹೋಗಿ ಆ ಕೆಲಸ ಮುಗಿಸಿಕೊಟ್ಟರೆ ಅವರ ನಿಷ್ಠೆ ಸಿಗುತ್ತದೆ. ಸಿಗದಿದ್ದರೆ ಅವರು ಕೊನೆಗೆ ಸಾಯುವ ಸಂಭವ ಹೆಚ್ಚು.

ಆ ಕೊನೆಯ ಕಾರ್ಯಾಚರಣೆಯ ಒಳಗೆ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹಡಗಿಗೆ ಗಟ್ಟಿ ಕವಚ ಹಾಕಿಸಿ ಎಂದು ಒಡನಾಡಿ ಜೇಕಬ್ ಮೊದಲೇ ಹೇಳಿರುತ್ತಾನೆ. ಆ ಮಾತನ್ನು ಅಲಕ್ಷಿಸಿದ್ದರೆ ನೆಲೆ ತಲುಪುವ ಮೊದಲೇ ಜ್ಯಾಕ್ ಎಂಬವಳು ಸಾಯುತ್ತಾಳೆ. ಒಳಗೆ ಹೋದ ಮೇಲೆ, ಕಿರಿದಾದ ಕೊಳವೆಯೊಳಗೆ ತೆವಳಿ ಬಾಗಿಲು ತೆರೆಯಲು ಒಬ್ಬರನ್ನು ಕಳಿಸಬೇಕು. ಜೇಕಬ್ ತಾನು ಹೋಗುತ್ತೇನೆಂದು ಮುಂದೆ ಬರುತ್ತಾನೆ. ಅವನು ಧೈರ್ಯವಂತ, ಆದರೆ ಯಂತ್ರಗಳ ಕೆಲಸ ಅವನದಲ್ಲ. ಅದನ್ನು ಬಲ್ಲವರು ಟಾಲಿ, ಲೀಜನ್‌ರಂಥವರು. ಅದೇ ಹೊತ್ತಿನಲ್ಲಿ ಎರಡನೆಯ ತುಕಡಿಗೆ ನಾಯಕರನ್ನು ಆರಿಸಬೇಕು. ಆ ಆಯ್ಕೆ ತಪ್ಪಿದರೆ ಸಾಯುವುದು ಆ ನಾಯಕರಲ್ಲ, ಕೊಳವೆಯೊಳಗೆ ಹೋಗಿ ತಮ್ಮ ಕೆಲಸವನ್ನು ಸರಿಯಾಗಿ ಮುಗಿಸಿದವರು, ಬಾಗಿಲು ಮುಚ್ಚುವ ಕ್ಷಣದಲ್ಲಿ ಬಂದ ಏಟಿಗೆ. ಮುಂದೆ, ಮುತ್ತುವ ಹುಳುಗಳಿಂದ ತಂಡವನ್ನು ಕಾಯುವ ಕವಚವನ್ನು ಮನೋಬಲದಿಂದ ಹಿಡಿದಿಡಬೇಕು. ಆ ಶಕ್ತಿ ಇರುವ ಯಾರಾದರೂ ಮಾಡಬಹುದು ಎಂದು ಇನ್ನೊಬ್ಬ ಒಡನಾಡಿ ಮಿರಾಂಡ ಹೇಳುತ್ತಾಳೆ. ಅವಳ ಮಾತು ತಪ್ಪು. ಜ್ಯಾಕ್‌ಳ ಕಚ್ಚಾ ಬಲ ಅಥವಾ ಸಮಾರಾಳಂಥವಳ ಶತಮಾನಗಳ ಸಾಧನೆ ಇಲ್ಲದೆ ಅದು ಆಗದು. ಬೇರೆಯವರನ್ನು ನಂಬಿದರೆ ತಂಡದ ಕೊನೆಯಲ್ಲಿದ್ದ ಒಬ್ಬರನ್ನು ಹುಳುಗಳು ಹೊತ್ತೊಯ್ಯುತ್ತವೆ. ಕಟ್ಟಕಡೆಗೆ ಶೆಪರ್ಡ್ ಇಬ್ಬರನ್ನು ಕರೆದುಕೊಂಡು ಮುಂದೆ ಹೋಗುತ್ತಾರೆ, ಉಳಿದವರು ಹಿಂದೆ ಬಾಗಿಲು ಕಾಯುತ್ತಾರೆ. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಕೊನೆಯ ಯುದ್ಧಕ್ಕೆ ಗ್ಯಾರಸ್, ಗ್ರಂಟ್‌ರಂಥ ಗಟ್ಟಿಗರನ್ನು ಜೊತೆಗೆ ಒಯ್ದರೆ ಬಾಗಿಲು ಕಾಯಲು ದುರ್ಬಲರೇ ಉಳಿಯುತ್ತಾರೆ. ಆಟ ಉಳಿದವರ ರಕ್ಷಣಾ ಬಲದ ಸರಾಸರಿ ತೆಗೆದು, ಅದು ಸಾಲದಿದ್ದರೆ ಒಬ್ಬೊಬ್ಬರನ್ನು ಕಳೆಯುತ್ತದೆ. ಆ ಸರದಿಯಲ್ಲಿ ಮೊದಲ ಹೆಸರು ಮುದಿ ವಿಜ್ಞಾನಿ ಮೋರ್ಡಿನ್‌ನದು. ಯಾರೂ ಅವನನ್ನು ಸಾಯಲು ಕಳಿಸಲಿಲ್ಲ. ತಮ್ಮ ಪಕ್ಕದಲ್ಲಿ ಬಲಶಾಲಿಗಳಿರಲಿ ಎಂದು ಬಯಸಿದ್ದರಷ್ಟೆ.

ಈ ರಚನೆಯ ದೊಡ್ಡತನ ಎಲ್ಲಿದೆಯೆಂದರೆ, ಪ್ರತಿಯೊಂದು ಸಾವಿನ ಹಿಂದೆಯೂ ಪಾತ್ರಗಳ ಬಗೆಗಿನ ಒಂದು ತಿಳಿವಳಿಕೆ ಇದೆ, ಅಥವಾ ಅದರ ಅಭಾವ ಇದೆ. ಎಲ್ಲ ಸಂಖ್ಯೆಗಳೂ ತೆರೆಯ ಹಿಂದೆ ಅಡಗಿವೆ. ಆಡುವವರ ಕೈಯಲ್ಲಿರುವುದು ಹಡಗಿನ ಮೊಗಸಾಲೆಗಳಲ್ಲಿ ಅವರ ಜೊತೆ ಆಡಿದ ಮಾತುಗಳು ಮಾತ್ರ. ಗ್ಯಾರಸ್ ಹಿಂದೆ ಒಂದು ತಂಡ ನಡೆಸಿದ್ದ, ಆದ್ದರಿಂದ ಅವನು ತುಕಡಿಯ ನಾಯಕನಾಗಬಲ್ಲ. ಇದು ಅವನ ಕಥೆ ಕೇಳಿದವರಿಗೆ ಗೊತ್ತಿರುವ ಸಂಗತಿ. ಪಾತ್ರವನ್ನು ಅರಿಯುವುದು ಇಲ್ಲಿ ರಸಾಸ್ವಾದದ ಜೊತೆಗೆ ಹೊಣೆಯೂ ಆಗುತ್ತದೆ. ಎಲ್ಲರೂ ಬದುಕಿ ಬಂದ ಆಟದಲ್ಲೂ ಈ ಮಾತು ನಿಜ. ಹನ್ನೆರಡು ಮಂದಿಯನ್ನೂ ಉಳಿಸಿಕೊಂಡವರು ಕಂಡದ್ದು ಸಾವಿಲ್ಲದ ಕಥೆಯನ್ನಲ್ಲ. ಪ್ರತಿ ಆಯ್ಕೆಯ ಮುಂದೆಯೂ ಅವರು ಒಬ್ಬೊಬ್ಬರ ಸಾವನ್ನು ಊಹಿಸಿ, ತೂಗಿ, ಬೇರೆಡೆಗೆ ತಿರುಗಿದ್ದಾರೆ. ಸಾಯಲಾರದವನು ಬದುಕಿ ಉಳಿದರೆ ಅದು ಸುದ್ದಿಯಲ್ಲ. ಸಾಯಬಹುದಾಗಿದ್ದ ಗ್ಯಾರಸ್ ಬದುಕಿ ಬಂದು ಹಡಗು ಹತ್ತಿದಾಗ ಅವನ ಬದುಕೇ ಕಥೆಯ ಘಟನೆಯಾಗುತ್ತದೆ.

ಸೇವ್ ಮಾಡಿದ ಜಾಗಕ್ಕೆ ಮರಳಿದರೆ ಆಯಿತಲ್ಲ, ಯಾರೂ ನಿಜವಾಗಿ ಸಾಯುವುದೇ ಇಲ್ಲವಲ್ಲ ಎಂಬುದು ಸಾಮಾನ್ಯವಾಗಿ ಬರುವ ಆಕ್ಷೇಪ. ಫೈರ್ ಎಂಬ್ಲಮ್ ಆಡುವವರು ಸೈನಿಕ ಬಿದ್ದ ತಕ್ಷಣ ಯಂತ್ರದ ರೀಸೆಟ್ ಗುಂಡಿ ಒತ್ತುವುದು ಆ ಸರಣಿಯಷ್ಟೇ ಹಳೆಯ ರೂಢಿ. 2010ರಿಂದ ಆ ಸರಣಿಯೇ ಸಾವಿಲ್ಲದ ಸುಲಭ ಬಗೆಯನ್ನೂ ಜೊತೆಗಿಟ್ಟಿತು. ಆದರೆ ರೀಸೆಟ್ ಒತ್ತುವ ಕೈ ಏನನ್ನು ಹೇಳುತ್ತಿದೆ? ಸಾಮಾನ್ಯ ಬಿಲ್ಲುಗಾರನೊಬ್ಬನಿಗಾಗಿ ಒಂದು ಗಂಟೆಯ ಶ್ರಮವನ್ನು ಬಿಟ್ಟುಕೊಡಲು ಸಿದ್ಧ ಎನ್ನುತ್ತಿದೆ. ಅದು ಅವನ ಸಾವಿಗೆ ಬೆಲೆ ಇದೆ ಎಂಬುದಕ್ಕೇ ಸಾಕ್ಷಿ. ಮಾಸ್ ಎಫೆಕ್ಟ್ 2 ಇನ್ನೂ ಜಾಣತನ ತೋರಿತು. ಅಲ್ಲಿ ಕಾರಣಕ್ಕೂ ಪರಿಣಾಮಕ್ಕೂ ನಡುವೆ ಬಹಳ ದೂರ. ಜ್ಯಾಕ್ ಸತ್ತದ್ದು ಈ ಕ್ಷಣದಲ್ಲಾದರೂ ಕವಚ ಹಾಕಿಸದೆ ಬಿಟ್ಟದ್ದು ಹತ್ತಾರು ಗಂಟೆಗಳ ಹಿಂದೆ. ಹಡಗಿನ ಸಿಬ್ಬಂದಿಯನ್ನು ಶತ್ರು ಹೊತ್ತೊಯ್ದ ಮೇಲೆ ಒಡನೆಯೇ ಹೊರಟರೆ ಎಲ್ಲರೂ ಸಿಗುತ್ತಾರೆ, ಒಂದೆರಡು ಬೇರೆ ಕೆಲಸ ಮುಗಿಸಿ ಹೋದರೆ ಅರ್ಧದಷ್ಟು ಜನ ಹೋಗಿರುತ್ತಾರೆ, ಇನ್ನೂ ತಡವಾದರೆ ವೈದ್ಯೆಯೊಬ್ಬಳೇ ಉಳಿದಿರುತ್ತಾಳೆ. ಹಿಂದೆ ಹೋಗಿ ಸರಿಪಡಿಸಬೇಕೆಂದರೆ ಐದು ನಿಮಿಷ ಹಿಂದೆ ಹೋದರೆ ಸಾಲದು, ಆಟದ ಬಹುಪಾಲನ್ನು ಇನ್ನೊಮ್ಮೆ ಬದುಕಬೇಕು. ಬಾಲ್ಡರ್ಸ್ ಗೇಟ್ 3 ಬೇರೆ ಹಾದಿ ಹಿಡಿಯಿತು. ಅದಕ್ಕೆ 2023ರ ನವೆಂಬರ್ ಕೊನೆಯಲ್ಲಿ ಸೇರಿಸಿದ ಆನರ್ ಮೋಡ್‌ನಲ್ಲಿ ಒಂದೇ ಸೇವ್, ಹಿಂತಿರುಗುವಂತಿಲ್ಲ. ಕಠಿಣ ಪರೀಕ್ಷೆಯಾಗಿ ಅದು ಚೆನ್ನ. ಕಥೆಯ ದೃಷ್ಟಿಯಿಂದ ನನಗೆ ಮೊದಲಿನ ದಾರಿಯೇ ಹೆಚ್ಚು ಒಪ್ಪಿತ, ಏಕೆಂದರೆ ಅಲ್ಲಿ ಬಾಗಿಲು ಮುಚ್ಚುವುದು ನಿಯಮವಲ್ಲ, ಕಳೆದುಹೋದ ಕಾಲ.

ಇನ್ನೊಂದು ಆಕ್ಷೇಪಕ್ಕೆ ನಾನು ಅರ್ಧ ತಲೆಬಾಗಬೇಕು. ನಿಷ್ಠೆ ಎಂಬುದು ಇಲ್ಲಿ ಕೊಟ್ಟು ಕೊಳ್ಳುವ ವ್ಯವಹಾರವಾಗಿಬಿಟ್ಟಿದೆ, ಅವರ ಮನೆವಾರ್ತೆ ಮುಗಿಸಿಕೊಟ್ಟರೆ ಅವರ ಜೀವ ಸಿಗುತ್ತದೆ, ಮನುಷ್ಯರು ಪಟ್ಟಿಯಲ್ಲಿ ಗುರುತು ಹಾಕುವ ಬಾಬತ್ತುಗಳಾಗುತ್ತಾರೆ ಎಂದು ಹೇಳುವವರಿದ್ದಾರೆ. ಹೌದು, ಮಾಸ್ ಎಫೆಕ್ಟ್ 2ರ ಮಧ್ಯಭಾಗದಲ್ಲಿ ಆ ಯಾಂತ್ರಿಕತೆ ಇದೆ, ಒಂದಾದ ಮೇಲೊಂದು ಅದೇ ಅಚ್ಚಿನ ಪ್ರಸಂಗಗಳು ಬರುತ್ತವೆ. ಆದರೆ ಬರೆದವರಿಗೂ ಅದು ಗೊತ್ತಿತ್ತೆಂದು ತೋರುತ್ತದೆ. ಆ ಅಚ್ಚನ್ನು ಅವರೇ ಎರಡು ಕಡೆ ಮುರಿದಿದ್ದಾರೆ. ಮಿರಾಂಡ ಮತ್ತು ಜ್ಯಾಕ್, ಟಾಲಿ ಮತ್ತು ಲೀಜನ್: ಈ ಎರಡು ಜೋಡಿಗಳ ಕೆಲಸ ಮುಗಿಸಿದ ಮೇಲೆ ಇಬ್ಬರೂ ಪರಸ್ಪರ ಜಗಳಕ್ಕೆ ನಿಲ್ಲುತ್ತಾರೆ. ಮಧ್ಯಸ್ಥಿಕೆ ವಹಿಸುವ ನೈತಿಕ ಬಲ ಶೆಪರ್ಡ್‌ಗೆ ಇಲ್ಲದಿದ್ದರೆ ಒಬ್ಬರ ಪಕ್ಷ ವಹಿಸಬೇಕು, ಇನ್ನೊಬ್ಬರ ನಿಷ್ಠೆ ಹೋಗುತ್ತದೆ. ಇಬ್ಬರಿಗೂ ಉಪಕಾರ ಮಾಡಿದ್ದೇನೆ, ಲೆಕ್ಕ ಚುಕ್ತಾ ಎಂದುಕೊಂಡವರಿಗೆ ಆ ಜಗಳ ಉತ್ತರ ಕೊಡುತ್ತದೆ. ಇಂಥವು ಇನ್ನಷ್ಟು ಇರಬೇಕಿತ್ತು.

ಸಾವು ಆದ ಮೇಲೆ ಕಥೆ ಏನು ಮಾಡುತ್ತದೆ ಎಂಬುದು ಸಾವಿನಷ್ಟೇ ಮುಖ್ಯ. ಇಲ್ಲಿ ಬಯೋವೇರ್ ತಾನೇ ಕೊಟ್ಟ ಮಾತಿಗೆ ಹಲವು ಸಲ ತಪ್ಪಿದೆ. ಅದರ ಬಾಲ್ಡರ್ಸ್ ಗೇಟ್ (1998) ಆಟದಲ್ಲಿ ಖಾಲಿದ್ ಮತ್ತು ಜಹೇರಾ ಎಂಬ ದಂಪತಿ ಜೊತೆಯಾಗಿಯೇ ತಂಡ ಸೇರುತ್ತಾರೆ, ಒಬ್ಬರನ್ನು ಬಿಟ್ಟರೆ ಇನ್ನೊಬ್ಬರೂ ಹೊರಡುತ್ತಾರೆ. ಆಡುವವರು ಅವರಿಬ್ಬರನ್ನು ಎಷ್ಟೇ ಜೋಪಾನ ಮಾಡಿ ಕೊನೆಯವರೆಗೆ ಕರೆತಂದಿದ್ದರೂ 2000ದಲ್ಲಿ ಬಂದ ಎರಡನೆಯ ಭಾಗ ಖಾಲಿದ್‌ನ ಹೆಣದಿಂದಲೇ ಶುರುವಾಗುತ್ತದೆ. ಡ್ರ್ಯಾಗನ್ ಏಜ್: ಒರಿಜಿನ್ಸ್ (2009) ಆಟದಲ್ಲಿ ಪವಿತ್ರ ಭಸ್ಮದ ಕುಂಭವನ್ನು ಅಪವಿತ್ರಗೊಳಿಸಿದರೆ ಭಕ್ತೆ ಲೆಲಿಯಾನಾ ಅಲ್ಲೇ ತಿರುಗಿ ಬೀಳಬಹುದು, ಆಗ ಅವಳನ್ನು ಕೊಲ್ಲಬೇಕಾಗುತ್ತದೆ. ಅವಳ ನಂಬಿಕೆಗೆ ಅವಳ ಸಾವು ಎಷ್ಟು ಸರಿಯಾಗಿ ಹೊಂದುತ್ತದೆ! ಆದರೆ ಮುಂದಿನ ಭಾಗಗಳಲ್ಲಿ ಅವಳು ಬೇಕಾಗಿದ್ದಳು. ಹಾಗಾಗಿ ಸತ್ತಿದ್ದರೂ ಬದುಕಿ ಬಂದಳು. ಇದರಿಂದ ಹಾಳಾಗುವುದು ಒಬ್ಬಳ ಕಥೆ ಮಾತ್ರವಲ್ಲ. ತನ್ನ ನಡೆಗೆ ಪರಿಣಾಮ ಇದೆ ಎಂಬ ನಂಬಿಕೆಯ ಮೇಲೆಯೇ ಈ ಇಡೀ ಕಲೆ ನಿಂತಿದೆ, ಅದೇ ಸಡಿಲವಾಗುತ್ತದೆ.

ಹಾಗಾದರೆ ಸಾವನ್ನು ಉಳಿಸಿಕೊಂಡು ಹೋಗುವುದರ ಬೆಲೆ ಏನು? ಅದು ದುಬಾರಿ ಎಂಬುದಕ್ಕೆ ಮಾಸ್ ಎಫೆಕ್ಟ್ 3 (2012) ಸಾಕ್ಷಿ. ಹಿಂದಿನ ಆಟದಲ್ಲಿ ಯಾರು ಬೇಕಾದರೂ ಸತ್ತಿರಬಹುದಾದ್ದರಿಂದ ಯಾರ ಮೇಲೂ ಕಥೆಯ ಪೂರ್ತಿ ಭಾರ ಹಾಕುವಂತಿರಲಿಲ್ಲ. ಆ ಹನ್ನೆರಡು ಮಂದಿಯಲ್ಲಿ ಮತ್ತೆ ತಂಡದ ಪೂರ್ಣ ಸದಸ್ಯರಾದವರು ಗ್ಯಾರಸ್, ಟಾಲಿ ಇಬ್ಬರೇ. ಉಳಿದವರು ಒಂದೊಂದು ಪ್ರಸಂಗಕ್ಕೆ ಬಂದು ಹೋಗುವ ಅತಿಥಿಗಳಾದರು. ಸಾಯಬಹುದಾದವನು ಮುಂದಿನ ಕಥೆಯಲ್ಲಿ ತೆಳುವಾಗುತ್ತಾನೆ ಎಂಬ ಈ ಆಕ್ಷೇಪ ಎಲ್ಲ ಆಕ್ಷೇಪಗಳಲ್ಲೂ ಬಲವಾದದ್ದು. ಇದಕ್ಕೆ ಪೂರ್ತಿ ಉತ್ತರ ಇಲ್ಲ. ಆದರೂ ತೆಳುವಾಗುವುದೂ ಖಾಲಿಯಾಗುವುದೂ ಒಂದೇ ಅಲ್ಲ. ಆ ಆಟದಲ್ಲಿ ಸತ್ತವರ ಜಾಗಕ್ಕೆ ಬೇರೆಯವರು ಬರುತ್ತಾರೆ. ರೆಕ್ಸ್ ಇಲ್ಲದಿದ್ದರೆ ಅವನ ಬಂಧು ರೀವ್ ಎಂಬ ಒರಟು ಮುಖಂಡ, ಮೋರ್ಡಿನ್ ಇಲ್ಲದಿದ್ದರೆ ಪಡೋಕ್ ವಿಕ್ಸ್ ಎಂಬ ಇನ್ನೊಬ್ಬ ವಿಜ್ಞಾನಿ. ಕೆಲಸ ನಡೆಯುತ್ತದೆ. ಆದರೆ ಪಡೋಕ್‌ನ ಎದುರು ನಿಂತಾಗ ಅವನೊಬ್ಬ ಒಳ್ಳೆಯ ಅಪರಿಚಿತ ಎಂಬುದೇ ಮೋರ್ಡಿನ್ ಇಲ್ಲ ಎಂಬುದನ್ನು ಮತ್ತೆ ಮತ್ತೆ ನೆನಪಿಸುತ್ತದೆ. ಶೆಪರ್ಡ್‌ರ ನಾರ್ಮಂಡಿ ಹಡಗಿನ ಗೋಡೆಯೊಂದರ ಮೇಲೆ ಸತ್ತವರ ಹೆಸರುಗಳಿವೆ, ಆ ಪಟ್ಟಿ ಒಬ್ಬೊಬ್ಬರ ಆಟದಲ್ಲಿ ಒಂದೊಂದು.

ಇನ್ನುಳಿದದ್ದು ಒಂದು ನೈತಿಕ ಆಕ್ಷೇಪ. ಸಾವೆಲ್ಲವೂ ಯಾರದೋ ಅಲಕ್ಷ್ಯದ ಫಲ ಎಂದು ಈ ಆಟಗಳು ಕಲಿಸುವುದಿಲ್ಲವೇ? ಬದುಕಿನಲ್ಲಿ ಜನ ಕಾರಣವಿಲ್ಲದೆ, ಯಾರ ತಪ್ಪೂ ಇಲ್ಲದೆ ಸಾಯುತ್ತಾರೆ. ಆ ಸತ್ಯವನ್ನು ಹೇಳಲು ಏರಿತ್‌ಳಂಥ ಸಾವೇ ಬೇಕು, ಅದನ್ನು ನಾನು ಒಪ್ಪುತ್ತೇನೆ. ಆದರೆ ಒಡನಾಡಿಗಳನ್ನು ಕಟ್ಟಿಕೊಂಡು ಯುದ್ಧಕ್ಕೆ ಹೋಗುವ ನಾಯಕನ ಕಥೆ ಬೇರೆ ಸತ್ಯಕ್ಕೆ ಸೇರಿದ್ದು. ಅದನ್ನು ಕನ್ನಡ ಬಲ್ಲದು. 10ನೆಯ ಶತಮಾನದ ಕೊನೆಯ ಭಾಗದಲ್ಲಿ ರನ್ನ ಬರೆದ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನೊಂದಿಗೆ ರಣರಂಗದಲ್ಲಿ ನಡೆದು ಬರುತ್ತಾನೆ. ದ್ರೋಣ, ದುಶ್ಶಾಸನ, ಮಗ ಲಕ್ಷಣ, ಗೆಳೆಯ ಕರ್ಣ, ಒಬ್ಬೊಬ್ಬರ ದೇಹದ ಮುಂದೆಯೂ ನಿಲ್ಲುತ್ತಾನೆ. ಆ ನಡಿಗೆ ಕಾವ್ಯವಾಗುವುದು ಅವನ ದುಃಖದಿಂದ ಎಷ್ಟೋ ಅಷ್ಟೇ ಅವನ ಹೊಣೆಯಿಂದ. ಅವರೆಲ್ಲ ಅಲ್ಲಿ ಬಿದ್ದಿರುವುದು ಅವನು ತೆಗೆದುಕೊಂಡ ತೀರ್ಮಾನಗಳಿಂದ. ಓದುವವರು ಅವನನ್ನು ಹೊರಗಿನಿಂದ ನೋಡುತ್ತಾರೆ, ಮರುಗುತ್ತಾರೆ, ತೀರ್ಪು ಕೊಡುತ್ತಾರೆ. ಮಾಸ್ ಎಫೆಕ್ಟ್ 2ರ ಕೊನೆಯಲ್ಲಿ, ಯಾರಾದರೂ ಸತ್ತಿದ್ದರೆ, ಶೆಪರ್ಡ್ ಶವಪೆಟ್ಟಿಗೆಗಳ ಬಳಿ ನಿಲ್ಲುವ ಸಣ್ಣ ದೃಶ್ಯವಿದೆ. ಕಾವ್ಯವಾಗಿ ಅದು ರನ್ನನ ಹತ್ತಿರಕ್ಕೂ ಬಾರದು. ಆದರೆ ಅಲ್ಲಿ ತೀರ್ಪು ಕೊಡುವವರೂ ತೀರ್ಮಾನ ತೆಗೆದುಕೊಂಡವರೂ ಒಬ್ಬರೇ. ಮತ್ತೊಂದು ನಿಯಮವೂ ಇದೆ. ಕೊನೆಗೆ ಓಡುತ್ತ ಬಂದು ಹಡಗಿನ ಬಾಗಿಲಿಗೆ ಜಿಗಿಯುವ ಶೆಪರ್ಡ್‌ರನ್ನು ಕೈಹಿಡಿದು ಎಳೆದುಕೊಳ್ಳಲು ಒಡನಾಡಿಗಳಲ್ಲಿ ಕನಿಷ್ಠ ಇಬ್ಬರು ಬದುಕಿರಬೇಕು. ಇಲ್ಲದಿದ್ದರೆ ನಾಯಕರೂ ಸಾಯುತ್ತಾರೆ, ಆ ಆಟವನ್ನು ಮೂರನೆಯ ಭಾಗಕ್ಕೆ ಒಯ್ಯುವಂತಿಲ್ಲ.

ಹೊಣೆ ಎಷ್ಟು ದೂರ ಚಾಚಬಲ್ಲದು ಎಂಬುದಕ್ಕೆ ಮೋರ್ಡಿನ್‌ನ ಕೊನೆಯೇ ಸಾಕು. ಜೀನೋಫೇಜ್ ರೋಗವನ್ನು ಬಲಪಡಿಸಿದ ವಿಜ್ಞಾನಿಗಳಲ್ಲಿ ಅವನೂ ಒಬ್ಬ. ಮೂರನೆಯ ಭಾಗದಲ್ಲಿ, ಆ ರೋಗದ ಮದ್ದನ್ನು ಗಾಳಿಗೆ ಬಿಡಲು ಉರಿಯುತ್ತಿರುವ ಗೋಪುರವನ್ನು ಅವನೇ ಹತ್ತುತ್ತಾನೆ, ಹಾಡಿನ ರಾಗವೊಂದನ್ನು ಗುನುಗುತ್ತ ಕೆಲಸ ಮುಗಿಸಿ ಸಾಯುತ್ತಾನೆ. ಸಾಮಾನ್ಯವಾಗಿ ಅವನನ್ನು ತಡೆಯಲು ಇರುವ ದಾರಿ ಬೆನ್ನಿಗೆ ಗುಂಡು ಹೊಡೆಯುವುದೊಂದೇ. ಆದರೆ ಅವನು ಬದುಕಿ ಉಳಿಯುವ ಒಂದು ಸಂದರ್ಭವೂ ಇದೆ. ಅದಕ್ಕೆ ಮೊದಲ ಆಟದ ಕಡಲತೀರದಲ್ಲಿ ರೆಕ್ಸ್ ಸತ್ತಿರಬೇಕು. ಎರಡನೆಯ ಆಟದಲ್ಲಿ ಮೋರ್ಡಿನ್‌ನ ಶಿಷ್ಯ ಕ್ರೂರ ಪ್ರಯೋಗಗಳಿಂದ ಸಂಪಾದಿಸಿದ ಮಾಹಿತಿಯನ್ನು ನಾಶ ಮಾಡಿರಬೇಕು. ಅದಿಲ್ಲದೆ ಈವ್ ಎಂದು ಕರೆಯುವ ಕ್ರೋಗನ್ ಹೆಂಗಸು ಚಿಕಿತ್ಸೆಯಲ್ಲಿ ಉಳಿಯುವುದಿಲ್ಲ. ಆ ಜನಾಂಗವನ್ನು ವಿವೇಕದಿಂದ ನಡೆಸಬಲ್ಲ ಇಬ್ಬರೂ ಹೀಗೆ ಹೋಗಿ ರೀವ್ ಒಬ್ಬನೇ ಉಳಿದಾಗ ಮಾತ್ರ, ಈ ಮದ್ದು ಮತ್ತೊಂದು ಯುದ್ಧಕ್ಕೆ ದಾರಿ ಎಂದು ಮೋರ್ಡಿನ್‌ನನ್ನು ಒಪ್ಪಿಸಬಹುದು. ಅವನು ಗೋಪುರದಿಂದ ಹಿಂದೆ ಸರಿಯುತ್ತಾನೆ. ಕ್ರೋಗನ್‌ರಿಗೆ ಮದ್ದು ಸಿಕ್ಕಿದೆ ಎಂದು ಸುಳ್ಳು ಹೇಳಲಾಗುತ್ತದೆ, ಮೋರ್ಡಿನ್ ಗುಟ್ಟಾಗಿ ಬೇರೆ ಕೆಲಸಕ್ಕೆ ಹೋಗುತ್ತಾನೆ, ಜೀನೋಫೇಜ್ ಇದ್ದಂತೆಯೇ ಉಳಿಯುತ್ತದೆ.